ಎರಡನೇ ಆರೋಪಿ

ಮಂಗಳವಾರ, ಹದಿನಾರನೇ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ಮಗಳ ಅಪ್ಪನಿಗೆ,

ಏನೆಂದು ಕರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ‘ಪ್ರೀತಿಯ’ ಎಂದರೆ ನೀವು ನಂಬುವುದಿಲ್ಲ, ‘ಮಾನ್ಯರೇ’ ಎಂದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ ಹಾಗಿರುತ್ತದೆ. ಇದಾದರೆ ಯಾರೂ ತಕರಾರು ತೆಗೆಯುವಂತಿಲ್ಲ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ: ನಿಮಗೇನು ತಲೆ ಕೆಟ್ಟಿದೆಯೇ?

ಹೋದ ವಾರ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ನೀವು ವಕೀಲರ ಆಫೀಸಿಗೆ ಹೋಗಿ, ಲೈಸೆನ್ಸ್ ಇಲ್ಲದೆ ಆಸ್ಪತ್ರೆಯ ಲಾಂಡ್ರಿಯ ಲೇಬರ್ ಕಂಟ್ರಾಕ್ಟ್ ನಡೆಸಿದವನು ನಾನೇ, ನನ್ನ ಹೆಂಡತಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡುಬಿಡುತ್ತೇನೆ ಎಂದಿರಂತೆ. ಅವಳಿಗೆ ನೀವು ದೊಡ್ಡ ತ್ಯಾಗಮಯಿಯಾಗಿ ಕಂಡಿರಬೇಕು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನಿಮ್ಮನ್ನು ಯಾರು ಕೇಳಿದ್ದರು?

ಮಾರನೆಯ ದಿನವೇ ವಕೀಲರ ಹತ್ತಿರ ಓಡಿದೆ. ನಿಮ್ಮ ಬಾಲ್ಯದ ಗೆಳೆಯರಲ್ಲವೇ, ನಿಮ್ಮ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತು. “ಅತ್ತಿಗೆ, ಅವನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗೋಯ್ತು” ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲ ಆರೋಪಿ ನೀವು, ಯಾಕೆಂದರೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿತ್ತು. ಎರಡನೇ ಆರೋಪಿ ನಾನು, ಯಾಕೆಂದರೆ ನಡೆಸುತ್ತಿದ್ದವಳು ನಾನು. ನೀವು ಒಪ್ಪಿಕೊಂಡರೆ ನನ್ನನ್ನು ಬಿಟ್ಟುಬಿಡುವ ಸಾಧ್ಯತೆ ಉಂಟು. ತಪ್ಪು ಸಾಬೀತಾದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇದನ್ನು ಅವರ ಬಾಯಿಂದ ಕೇಳುವವರೆಗೂ ನಾನು ಲೈಸೆನ್ಸ್ ಅಂದರೆ ಕರೆಂಟ್ ಬಿಲ್ಲಿನ ಹಾಗೆ, ತಡವಾದರೆ ಚೂರುಪಾರು ದಂಡ ಕಟ್ಟಿದರಾಯಿತು ಅಂದುಕೊಂಡಿದ್ದೆ. ಜೈಲಿನ ಮಾತು ಅದರಲ್ಲಿದೆ ಎಂದು ಯಾರು ಕಂಡಿದ್ದರು!

ನಿಮಗೆ ಜೈಲಾದರೆ ಸ್ಕೂಲ್ ಬಸ್ಸಿನ ಕೆಲಸ ಆ ದಿನವೇ ಹೋಗುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದ ಡ್ರೈವರ್ ಕೈಗೆ ಯಾವ ಶಾಲೆಯವರು ಮಕ್ಕಳನ್ನು ಕೊಡುತ್ತಾರೆ? ಅದು ನಿಮಗೂ ಗೊತ್ತು. ಗೊತ್ತಿದ್ದೂ ಹೊರಟಿರಿ. ಇದೇ, ಇದೇ ನೋಡಿ ನನ್ನ ತಲೆ ಕೆಡಿಸುವುದು.

ಮಗಳಿಗೆ ಒಂಬತ್ತು ವರ್ಷವಿದ್ದಾಗ ಪಕ್ಕದ ಮನೆಯ ಸ್ಕೂಟರಿನ ಕನ್ನಡಿ ಒಡೆದಿದ್ದಳಲ್ಲ, ಆಗಲೂ ನೀವು ಹೀಗೆಯೇ ಮಾಡಿದಿರಿ. “ನನ್ನ ಕೈ ತಾಗ್ತು” ಎಂದು ಹೋಗಿ ಹಲ್ಲು ಕಿರಿದು ಬಂದಿರಿ. ಮಗು ಎರಡು ದಿನ ಅತ್ತಿತು. ಯಾಕೆ ಎಂದು ನಿಮಗೆ ಇವತ್ತಿಗೂ ಗೊತ್ತಿಲ್ಲ. ಕಲ್ಲೆಸೆದು ಅಷ್ಟು ದೂರದಿಂದ ಗುರಿ ಹೊಡೆದವಳು ತಾನು ಎಂದು ಹೇಳಿದರೆ ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ, ಅದಕ್ಕೆ. ಬೈಗುಳ ತಪ್ಪಿಸಲು ಹೋಗಿ ಅವಳದ್ದನ್ನು ಅವಳಿಂದ ಕಿತ್ತುಕೊಂಡಿರಿ.

ಆರು ವರ್ಷದ ಹಿಂದೆ ನಾವು ಬೇರೆಯಾಗಿದ್ದೂ ಅದಕ್ಕೇ. ಜನ ಏನೇನೋ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಆಸ್ಪತ್ರೆಯ ಮ್ಯಾನೇಜರ್ ಭಾನುವಾರವೂ ಲಾಂಡ್ರಿಗೆ ಹೆಂಗಸರನ್ನು ಕಳಿಸಿ ಎಂದ. ವಾರಕ್ಕೊಂದು ದಿನವಾದರೂ ಅವರ ಬೆನ್ನು ನೆಟ್ಟಗಾಗಲಿ, ಆಗುವುದಿಲ್ಲ ಎಂದು ನಾನು ಮುಖಕ್ಕೆ ಹೇಳಿ ಬಂದೆ. ನೀವು ನನ್ನ ಹಿಂದೆಯೇ ಹೋಗಿ, “ಅವಳ ಮಾತು ಮನಸಿಗೆ ಹಚ್ಕೋಬೇಡಿ ಸಾರ್, ತಪ್ಪಾಯ್ತು” ಎಂದು ನನ್ನ ಪರವಾಗಿ ಕೈಮುಗಿದು ಬಂದಿರಿ. ನನ್ನ ಪರವಾಗಿ! ಆ ದಿನ ಜಗಳದಲ್ಲಿ ನಾನು ಏನೇನು ಅಂದೆನೋ ನೆನಪಿಲ್ಲ. ನೀವು ಮಾತ್ರ, “ಹಾಗಾದ್ರೆ ನೀನೇ ನಡೆಸ್ಕೋ” ಎಂದಿರಿ. ಸರಿ, ಅಂದಿರಿ. ಅಂದಮೇಲೆ ಕೋಪದಿಂದ ಎದ್ದು ಹೋಗಬೇಕೋ ಬೇಡವೋ? ಲೈಸೆನ್ಸ್ ಇನ್ನೊಬ್ಬರ ಹೆಸರಿಗೆ ವರ್ಗ ಆಗುವುದಿಲ್ಲ, ನಿನಗೆ ತೊಂದರೆಯಾಗುತ್ತದೆ ಎಂದು ಅಡುಗೆಮನೆಯ ಮೇಜಿನ ಮುಂದೆ ಕೂತು ನಲವತ್ತು ಖಾಲಿ ಲೆಟರ್‌ಹೆಡ್ಡಿಗೆ ಸಹಿ ಹಾಕಿದಿರಿ. ಜಗಳವಾಡಿ ಮನೆ ಬಿಡುವ ಗಂಡಸು ಯಾವನಾದರೂ ಹೀಗೆ ಮಾಡುತ್ತಾನೆಯೇ? ಪೆನ್ನಿನ ಶಾಯಿ ಮುಗಿದಾಗ ನನ್ನನ್ನೇ ಇನ್ನೊಂದು ಪೆನ್ನು ಕೇಳಿದಿರಿ. ನಾನೂ ಕೊಟ್ಟೆ. ಆಮೇಲೆ ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಹೊರಟಿರಿ.

ಆ ಹಾಳೆಗಳೇ ಈಗ ಕೋರ್ಟಿನಲ್ಲಿವೆ. ಪ್ರತಿ ವರ್ಷ ಆಸ್ಪತ್ರೆಯ ಜೊತೆ ಕರಾರು ಹೊಸದು ಮಾಡುವಾಗ ಒಂದೊಂದರ ಮೇಲೆ ನಾನು ತಾರೀಖು ಬರೆದು ಟೈಪ್ ಮಾಡಿಸಿ ಕೊಟ್ಟಿದ್ದು. ಕೆಳಗೆ ನಿಮ್ಮ ಸಹಿ, ಮೇಲೆ ನನ್ನ ಕೈಬರಹ. ಹಾಳೆಯನ್ನು ಗಂಡ ಹೆಂಡತಿ ಹಂಚಿಕೊಂಡ ಹಾಗೆ.

ಇನ್ನು ಲೈಸೆನ್ಸ್ ಹೇಗೆ ಸತ್ತಿತು ಎನ್ನುವುದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮಗಳಿಗೂ ಇಲ್ಲ. ನೀವು ನಗಬಾರದು.

ಅದನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂಬ ನಿಯಮವಿದೆಯಲ್ಲ. ಲಾಂಡ್ರಿಯ ಹಬೆ ನಿಮಗೆ ಗೊತ್ತೇ ಇದೆ. ನೀವು ಹೋದ ಎರಡೇ ತಿಂಗಳಿಗೆ ಕಾಗದ ಮುದುರಿ ಒದ್ದೆ ಹಪ್ಪಳದ ಹಾಗಾಯಿತು. ನಿಮ್ಮ ಫೋಟೋದ ಅಂಚು ಎದ್ದಿತು. ಇನ್ನೊಂದು ತಿಂಗಳು ಬಿಟ್ಟರೆ ಲೈಸೆನ್ಸೂ ಇಲ್ಲ, ನೀವೂ ಇಲ್ಲ ಎಂದು ಜೆರಾಕ್ಸ್ ಅಂಗಡಿಗೆ ಹೋಗಿ ಎರಡೂ ಕಡೆ ದಪ್ಪ ಲ್ಯಾಮಿನೇಶನ್ ಮಾಡಿಸಿ ತಂದೆ. ಎಂಥ ಜಾಣೆ ನಾನು ಎಂದು ಒಂದು ವಾರ ಬೀಗಿದ್ದೇ ಬೀಗಿದ್ದು. ವರ್ಷದ ಕೊನೆಗೆ ರಿನ್ಯೂವಲ್ ಮಾಡಿಸಲು ಇಲಾಖೆಗೆ ಹೋದರೆ ಅಲ್ಲಿನ ಗುಮಾಸ್ತ ಅದನ್ನು ಹಿಂದೆ ತಿರುಗಿಸಿ ಸೀಲು ಒತ್ತಿದ. ಶಾಯಿ ಜಾರಿ ಅವನ ಅಂಗಿಯ ತೋಳಿಗೆ ಹತ್ತಿತು. ಒರೆಸಿ ಇನ್ನೊಮ್ಮೆ ಒತ್ತಿದ. ಮತ್ತೆ ಜಾರಿತು. ರಿನ್ಯೂವಲ್ ಬರೆಯುವುದು ಮೂಲಪತ್ರದ ಬೆನ್ನ ಮೇಲೆಯೇ ಅಂತೆ, ನನಗೇನು ಕನಸು ಬಿದ್ದಿತ್ತೇ! “ಇದಕ್ಕೆ ಸೀಲು ಕೂರಲ್ಲಮ್ಮ. ಡೂಪ್ಲಿಕೇಟ್ ತಗೋಬೇಕು. ಲೈಸೆನ್ಸ್ ಯಾರ ಹೆಸರಲ್ಲಿದ್ಯೋ ಅವ್ರೇ ಖುದ್ದಾಗಿ ಬಂದು ಪ್ರಮಾಣಪತ್ರ ಕೊಡ್ಬೇಕು” ಎಂದ. ಆಯಿತು, ಕರೆತರುತ್ತೇನೆ ಎಂದು ತಲೆಯಾಡಿಸಿ ಬಂದೆ.

ಮನೆಗೆ ಬಂದು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಪ್ಲಾಸ್ಟಿಕ್ ಬಿಡಿಸಲು ನೋಡಿದೆ. ನಿಮ್ಮ ಫೋಟೋದ ಅರ್ಧ ಮುಖ ಕಿತ್ತು ಬಂತು. ಎಡಗಣ್ಣು, ಎಡಗಿವಿ, ಅರ್ಧ ಮೀಸೆ ಪ್ಲಾಸ್ಟಿಕ್ಕಿನಲ್ಲಿ, ಉಳಿದದ್ದು ಕಾಗದದಲ್ಲಿ. ಹಾಗೇ ಮುಚ್ಚಿ, ಗಾಜಿನ ಫ್ರೇಮಿಗೆ ಹಾಕಿಸಿ ಮತ್ತೆ ಗೋಡೆಗೆ ತೂಗುಹಾಕಿದೆ. ಐದು ವರ್ಷ ಯಾರೂ ತಿರುಗಿಸಿ ನೋಡಲಿಲ್ಲ. ಆಸ್ಪತ್ರೆಯವರು ಪ್ರತಿ ವರ್ಷ ಮುಂದಿನ ಪುಟದ ಜೆರಾಕ್ಸ್ ಇಸಿದುಕೊಂಡು ಫೈಲಿಗೆ ಹಾಕಿ ಸುಮ್ಮನಾಗುತ್ತಿದ್ದರು. ಅವರಿಗೂ ಅಷ್ಟೇ ಸಾಕಾಗಿತ್ತು.

ನಿಮಗೆ ಫೋನ್ ಮಾಡಿ, ಒಂದು ದಿನ ಬಂದು ಪ್ರಮಾಣಪತ್ರ ಕೊಟ್ಟು ಹೋಗಿ ಎಂದಿದ್ದರೆ ಮುಗಿಯುತ್ತಿತ್ತು. ನೀವು ಓಡಿ ಬರುತ್ತಿದ್ದಿರಿ. ಅಷ್ಟೇ ಅಲ್ಲ, ಲ್ಯಾಮಿನೇಶನ್ ಮಾಡಿಸಿದ್ದು ನಾನೇ ಎಂದು ಗುಮಾಸ್ತನಿಗೆ ಸುಳ್ಳು ಹೇಳಿ ಕ್ಷಮೆಯನ್ನೂ ಕೇಳುತ್ತಿದ್ದಿರಿ. ಎಷ್ಟು ಸಲ ನಂಬರ್ ಒತ್ತಿದ್ದೇನೋ ಲೆಕ್ಕವಿಲ್ಲ. ಅಷ್ಟು ದಿನದ ಮೇಲೆ ಆಡುವ ಮೊದಲ ಮಾತು ಲೈಸೆನ್ಸಿನದಾಗುವುದು ನನಗೆ ಬೇಡವಾಗಿತ್ತು. ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಇಟ್ಟುಬಿಡುತ್ತಿದ್ದೆ.

ಹಾಗಾದರೆ ನನ್ನ ಹೆಸರಿನಲ್ಲೇ ಹೊಸ ಲೈಸೆನ್ಸ್ ಮಾಡಿಸಬಹುದಿತ್ತಲ್ಲ ಎಂದು ವಕೀಲರು ಕೇಳಿದರು. ಮಾಡಿಸಬಹುದಿತ್ತು. ಒಂದು ಅರ್ಜಿ, ಎರಡು ಫೋಟೋ, ಹೆಚ್ಚೆಂದರೆ ಒಂದು ತಿಂಗಳ ಓಡಾಟ. ಪುರಸೊತ್ತಾಗಲಿಲ್ಲ ಎಂದು ಅವರಿಗೆ ಹೇಳಿದೆ. ನಿಮಗೆ ನಿಜ ಹೇಳುತ್ತೇನೆ. ಹೊಸದು ಮಾಡಿಸಿದರೆ ನಿಮ್ಮದು ರದ್ದಾಗುತ್ತಿತ್ತು. ಇಲಾಖೆಯಿಂದ ನಿಮ್ಮ ಹೆಸರಿಗೆ ಮನೆಗೆ ಕಾಗದ ಬರುವುದು ನಿಲ್ಲುತ್ತಿತ್ತು. ಪೋಸ್ಟ್‌ಮ್ಯಾನ್ ನಿಮ್ಮ ಹೆಸರು ಕೂಗಿದಾಗ, “ಇದ್ದಾರೆ, ಹೊರಗೆ ಹೋಗಿದ್ದಾರೆ, ಕೊಡಿ” ಎಂದು ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದೆ. ಅಷ್ಟಕ್ಕಾಗಿ ಐದು ವರ್ಷ ಕಾನೂನು ಮುರಿದಿದ್ದೇನೆ. ಓದಿ ಖುಷಿಪಡಬೇಡಿ. ಆ ಹುಚ್ಚುತನಕ್ಕೆ ಬೆಲೆ ತೆತ್ತವರು ನೀವೂ ಅಲ್ಲ, ನಾನೂ ಅಲ್ಲ.

ದೊಡ್ಡಮ್ಮ ನೆನಪಿದ್ದಾಳಲ್ಲ? ನಮ್ಮ ಹೆಂಗಸರಲ್ಲೆಲ್ಲ ಹಿರಿಯಳು, ಬೆಡ್‌ಶೀಟು ಇಸ್ತ್ರಿ ಮಾಡುವ ರೋಲರಿನ ಮುಂದೆ ನಿಲ್ಲುವವಳು, ನಿಮ್ಮನ್ನು “ಯಜಮಾನ್ರೇ” ಎಂದು ಕರೆದು ನಗುತ್ತಿದ್ದವಳು. ಎರಡು ತಿಂಗಳ ಹಿಂದೆ ಬಿಸಿ ರೋಲರಿನೊಳಗೆ ಅವಳ ಬಲಗೈ ಸಿಕ್ಕಿಕೊಂಡಿತು. ನಾನು ಟ್ರಾಲಿ ಎಣಿಸುತ್ತಿದ್ದೆ. ಕೂಗು ಕೇಳಿ ಓಡಿದೆ, ಸ್ವಿಚ್ ಆರಿಸಿದೆ, ಆದರೂ ಎರಡು ಬೆರಳು ಉಳಿಯಲಿಲ್ಲ. ಅದೇ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿಸಿದರು. ಹನ್ನೊಂದು ವರ್ಷ ತಾನೇ ಒಗೆದು ಒತ್ತಿದ ಬಟ್ಟೆಯ ಮೇಲೆ ಮಲಗಿದ್ದಳು. ಚಿಕಿತ್ಸೆ, ಪರಿಹಾರ ಎಂದು ನಾನು ಆಫೀಸಿಗೆ ಹೋದರೆ ಮ್ಯಾನೇಜರ್ ಕಂಪ್ಯೂಟರ್ ನೋಡಿ, ಈ ಹೆಸರಿನವರು ಇಲ್ಲಿ ಕೆಲಸ ಮಾಡುವವರಲ್ಲ ಎಂದ. ನಮ್ಮ ಲೈಸೆನ್ಸಿನ ಕೆಳಗೆ ಸಲ್ಲಿಸಿದ ಪಟ್ಟಿ ಏನಾದರೂ ಇದೆಯೇ ಎಂದು ನೋಡಿದರೆ, ಲೈಸೆನ್ಸೇ ಇಲ್ಲದ ಮೇಲೆ ಪಟ್ಟಿ ಎಲ್ಲಿಂದ ಬರಬೇಕು? ಬರೀ ಕಾಗದ ಎಂದುಕೊಂಡಿದ್ದೆನಲ್ಲ, ಆ ಕಾಗದ ನನಗೆ ಬೇಕಾಗಿದ್ದಲ್ಲ, ಅವಳಿಗೆ ಬೇಕಾಗಿತ್ತು. ಅದನ್ನು ತಿಳಿದ ದಿನ ನಾನು ಲಾಂಡ್ರಿಯ ಹಿಂದೆ ಬಕೆಟ್ಟಿನ ಮೇಲೆ ಕೂತು ತಲೆ ಚಚ್ಚಿಕೊಂಡೆ.

ಆಮೇಲೆ ಇಲಾಖೆಯ ಅಧಿಕಾರಿ ಬಂದರು. ಸಣ್ಣ ಆಸಾಮಿ, ಮೆಲ್ಲಗೆ ಮಾತಾಡುವವರು. ಫ್ರೇಮನ್ನು ಗೋಡೆಯಿಂದ ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಲೈಸೆನ್ಸಿನ ಬೆನ್ನು ತಿರುಗಿಸಿ ನೋಡಿದರು. ಖಾಲಿ. “ಇದು ಸತ್ತು ಐದು ವರ್ಷ ಆಯ್ತಲ್ಲಮ್ಮ” ಎಂದರು. ಕಂಟ್ರಾಕ್ಟರ್ ಯಾರು ಎಂದು ಹೆಂಗಸರನ್ನು ಕೇಳಿದರು. ಮೂವತ್ತೇಳು ಜನವೂ ನನ್ನ ಕಡೆಗೆ ಬೆರಳು ತೋರಿಸಿದರು. ಒಬ್ಬಳಾದರೂ ಅನುಮಾನಿಸಬೇಕೇ! ಮೂವತ್ತೆಂಟನೆಯವಳು ವಾರ್ಡಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡೇ, ಅಧಿಕಾರಿ ಕೇಳುವ ಮೊದಲೇ, “ನಮ್ ಕಂಟ್ರಾಕ್ಟರಮ್ಮ ತುಂಬಾ ಒಳ್ಳೇವ್ರು ಸಾರ್, ಆರು ವರ್ಷದಿಂದ ಒಬ್ರೇ ಎಲ್ಲಾ ನೋಡ್ಕೋತಾರೆ” ಎಂದು ಹೇಳಿಕೆ ಕೊಟ್ಟಳು. ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು ಪಾಪ. ಅಧಿಕಾರಿ ಒಂದಕ್ಷರ ಬಿಡದೆ ಬರೆದುಕೊಂಡರು. ಹಾಗೆ ನಾನು ಎರಡನೇ ಆರೋಪಿಯಾದೆ.

ಒಂದು ಮಾತು ಹೇಳಲೇ? ಅಷ್ಟೂ ಬೆರಳು ನನ್ನ ಕಡೆ ತಿರುಗಿದಾಗ ಎದೆ ಧಸಕ್ಕೆಂದಿದ್ದು ನಿಜ. ಅದರ ಜೊತೆಗೇ ಒಳಗೊಳಗೆ ಏನೋ ಹಿಗ್ಗೂ ಆಯಿತು. ಆರು ವರ್ಷದಲ್ಲಿ ಒಬ್ಬರೂ ಕಾಗದದ ಮೇಲೆ ನನ್ನನ್ನು ಕಂಟ್ರಾಕ್ಟರ್ ಎಂದು ಬರೆದಿರಲಿಲ್ಲ. ಮೊದಲು ಬರೆದದ್ದು ಆರೋಪಪಟ್ಟಿಯಲ್ಲಿ.

ಈಗ ನೀವು ಹೊರಟಿದ್ದೀರಿ, ಅದನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು!

ನಿಮ್ಮ ಒಳ್ಳೆಯತನದಿಂದ ಏನಾಗುತ್ತದೆ ಎಂದು ವಕೀಲರು ನಿಮಗೆ ಹೇಳಿದರಂತೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ನಾನು ಬಿಡಿಸಿ ಹೇಳುತ್ತೇನೆ, ಕೇಳಿ. ದೊಡ್ಡಮ್ಮ ಅಲ್ಲಿ ಕೆಲಸ ಮಾಡುತ್ತಿದ್ದಳು ಎನ್ನುವುದಕ್ಕೆ ಇವತ್ತು ಒಂದು ಚೂರು ಕಾಗದವಿಲ್ಲ. ಇಂಥವಳು ಲೈಸೆನ್ಸ್ ಇಲ್ಲದೆ ಇಂಥ ಜಾಗದಲ್ಲಿ ಇಷ್ಟು ಜನರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಳು ಎಂದು ಕೋರ್ಟು ತೀರ್ಪು ಬರೆದರೆ, ಆ ಇಷ್ಟು ಜನರ ಹೆಸರೂ ತೀರ್ಪಿನಲ್ಲಿರುತ್ತದೆ. ಅದನ್ನು ಹಿಡಿದುಕೊಂಡು ಅವಳು ಪರಿಹಾರ ಕೇಳಬಹುದು. ಕಂಟ್ರಾಕ್ಟರ್ ಕೊಡದಿದ್ದರೆ ಆಸ್ಪತ್ರೆಯೇ ಕೊಡಬೇಕಾಗುತ್ತದೆ. ನಡೆಸಿದವನು ನಾನೇ ಎಂದು ನೀವು ಹೇಳಿದಿರಿ ಎನ್ನಿ. ಆಸ್ಪತ್ರೆಯ ವಕೀಲ ಮಾಡುವ ಮೊದಲ ಕೆಲಸ ನಿಮ್ಮ ಶಾಲೆಯ ಹಾಜರಿ ತರಿಸುವುದು. ಆರು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದ ಮನುಷ್ಯ ಅದೇ ಏಳಕ್ಕೆ ಲಾಂಡ್ರಿಯಲ್ಲಿ ಹೇಗಿದ್ದ ಎಂದು ಕೇಳುತ್ತಾನೆ. ನೀವು ಬೆಬ್ಬೆಬ್ಬೆ ಎನ್ನುತ್ತೀರಿ. ಸುಳ್ಳು ಹೇಳಲು ನಿಮಗೆ ಎಲ್ಲಿ ಬರುತ್ತದೆ? ತಪ್ಪೊಪ್ಪಿಗೆ ಸುಳ್ಳಾದರೆ ತೀರ್ಪೂ ಬಿದ್ದುಹೋಗುತ್ತದೆ, ದೊಡ್ಡಮ್ಮನ ಎರಡು ಬೆರಳು ಗಾಳಿಗೆ ಹೋದ ಹಾಗೆ. ನಿಮ್ಮ ತ್ಯಾಗಕ್ಕೆ ಮಗಳು ಅಳುತ್ತಾಳೆ, ನೀವು ಕೆಲಸ ಕಳೆದುಕೊಳ್ಳುತ್ತೀರಿ, ಗೆಲ್ಲುವವನು ಆ ಮ್ಯಾನೇಜರ್.

ಆದ್ದರಿಂದ ಇಪ್ಪತ್ತಮೂರನೇ ತಾರೀಖಿನ ವಿಚಾರಣೆಗೆ ನೀವು ರಜೆ ಹಾಕಬೇಡಿ. ಕೋರ್ಟಿನ ಕಡೆ ತಲೆ ಹಾಕಬೇಡಿ. ನನ್ನನ್ನು ಉಳಿಸಲು ಬರಬೇಡಿ. ಕೆಲಸ ನಾನು ಮಾಡಿದೆ, ಹೆಸರು ನಿಮ್ಮದಿತ್ತು. ಮನೆ ನಿಮ್ಮ ಹೆಸರಿನಲ್ಲಿ, ಗ್ಯಾಸ್ ನಿಮ್ಮ ಹೆಸರಿನಲ್ಲಿ, ಮಗಳ ಶಾಲೆಯ ದಾಖಲೆಯಲ್ಲಿ ನಿಮ್ಮ ಹೆಸರು ಮೊದಲು. ತಪ್ಪೊಂದಾದರೂ ನನ್ನ ಹೆಸರಿಗಿರಲಿ ಮಹರಾಯರೇ.

ನನಗೆ ಹೆದರಿಕೆಯಿಲ್ಲ ಎಂದು ಬರೆದರೆ ಅದು ಸುಳ್ಳು. ಬೆಳಿಗ್ಗೆಯಿಂದ ಮೂರು ಸಲ ನೀರು ಕುಡಿದೆ. ದಂಡ ಹಾಕಿ ಬಿಟ್ಟಾರು ಎಂದು ವಕೀಲರು ಧೈರ್ಯ ಹೇಳುತ್ತಾರೆ. ಹೇಳುವಾಗ ಕಿಟಕಿಯ ಕಡೆ ನೋಡುತ್ತಾರೆ. ಜೈಲಿಗೆ ಹೋದ ಹೆಂಗಸು ಎಂದು ಬೀದಿಯವರು ಆಡಿಕೊಂಡರೆ ಮಗಳ ಗತಿ ಏನು ಎಂದು ಯೋಚಿಸುತ್ತೇನೆ, ಆಮೇಲೆ ದೊಡ್ಡಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುವುದು ಕಣ್ಣಿಗೆ ಬರುತ್ತದೆ. ಮೊನ್ನೆ ಅವಳ ಮುಂದೆ ಎಲ್ಲ ಹೇಳಿಕೊಂಡೆ. ಲ್ಯಾಮಿನೇಶನ್, ಸೀಲು, ಫೋನು, ಎಲ್ಲ. ಬೈಯಲಿ ಎಂದು ಕಾದೆ. “ಒಂದ್ ಫೋನ್ ಮಾಡಕ್ಕೆ ಆಗ್ಲಿಲ್ವಾ ನಿನಗೆ?” ಎಂದಳು. ಯಾವತ್ತೂ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅವಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಕೊಡಲಾರರು.

ನೀವು ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಮಗಳು ಹೇಳಿದಳು. ಅದೂ ನನ್ನ ತಪ್ಪೆಂದು ಹೇಳಲು ಬರಬೇಡಿ. ಟಯರ್ ಅಂಗಡಿಯ ಮೇಲಿನ ನಿಮ್ಮ ಆ ರೂಮಿನಲ್ಲಿ ಬೇಸಿಗೆಯಲ್ಲಿ ರಬ್ಬರಿನ ವಾಸನೆ ಬರುತ್ತದಂತೆ. ಬದಲಾಯಿಸಬಾರದೇ? ಸಾಕು. ಯಾರೋ ಹೆಸರು ಕೂಗುತ್ತಿದ್ದಾರೆ, ಎದ್ದು ಹೋಗಬೇಕು.

ಇಂತಿ,
ನಿಮ್ಮ ಮಗಳ ತಾಯಿ,
ಲಾಂಡ್ರಿಯವರ ಕಂಟ್ರಾಕ್ಟರಮ್ಮ

ತಾ.ಕ.: ಮಧ್ಯಾಹ್ನ ಮೂರೂವರೆ. ಇಪ್ಪತ್ತಮೂರಕ್ಕೆ ಏನೂ ಇಲ್ಲ. ವಿಚಾರಣೆ ಇವತ್ತೇ ಇತ್ತು. ತಾರೀಖು ಮುಂದೆ ಹೋಗಿದೆ ಎಂದು ವಕೀಲರು ನಿಮಗೆ ಹೇಳಿದ್ದು ನಾನು ಕಾಡಿಬೇಡಿದ್ದಕ್ಕೆ. ಗೆಳೆಯರ ಮೇಲೆ ಸಿಟ್ಟಾಗಬೇಡಿ. ಮೇಲಿನದನ್ನೆಲ್ಲ ಬರೆದದ್ದು ಕೋರ್ಟಿನ ಮೊಗಸಾಲೆಯ ಬೆಂಚಿನ ಮೇಲೆ. ಆಗ ಕೋರ್ಟಿನ ಗುಮಾಸ್ತ ಕೂಗಿದ್ದು ನನ್ನ ಹೆಸರನ್ನೇ.

ನ್ಯಾಯಾಧೀಶರು ಹೆಂಗಸು, ನನ್ನ ವಯಸ್ಸಿನವರು. ತಪ್ಪೊಪ್ಪಿಕೊಂಡರೆ ಏನಾಗುತ್ತದೆ ಗೊತ್ತೇ ಎಂದು ಎರಡು ಸಲ ಕೇಳಿದರು. ಗೊತ್ತು ಎಂದೆ. ಹಾಳೆಗಳ ಮೇಲಿನ ತಾರೀಖು ನನ್ನ ಕೈಬರಹ ಎಂದು ಅಲ್ಲೇ ಬರೆದು ತೋರಿಸಿದೆ. ನಿಮ್ಮ ಹೆಸರನ್ನು ಕೇಸಿನಿಂದ ತೆಗೆದರು, ಬಸ್ಸು ಓಡಿಸಿಕೊಂಡಿರಿ. ಮೂವತ್ತೆಂಟು ಹೆಸರನ್ನೂ ಓದಿಸಿ ದಾಖಲು ಮಾಡಿಸಿದರು, ದೊಡ್ಡಮ್ಮನದು ಮೊದಲನೆಯದು. ಐದು ವರ್ಷ, ಅಷ್ಟು ಜನ, ಒಂದು ಕೈ, ಬರೀ ದಂಡ ಹಾಕಿ ಬಿಡಲಾಗುವುದಿಲ್ಲ ಎಂದು ಒಂದು ತಿಂಗಳ ಸಜೆ ಕೊಟ್ಟರು. ಮೇಲಿನ ಕೋರ್ಟಿಗೆ ಹೋಗೋಣ ಎಂದು ವಕೀಲರು ನನ್ನ ಕೈ ಹಿಡಿದುಕೊಂಡರು. ತೀರ್ಪು ಅಲ್ಲಾಡಬಾರದು, ಬೇಡ ಎಂದೆ. ಈ ಕಾಗದವನ್ನು ಅವರೇ ನಿಮಗೆ ತಂದುಕೊಡುತ್ತಾರೆ. ಮಗಳಿಗೆ ನೀವೇ ಹೇಳಿ, ಮೆಲ್ಲಗೆ.

ಪಕ್ಕದಲ್ಲಿ ಮಹಿಳಾ ಪೊಲೀಸ್ ನಿಂತಿದ್ದಾಳೆ, ಬೇಗ ಮುಗಿಸಿ ಎನ್ನುತ್ತಾಳೆ. ಒಳಗೆ ಹೋಗುವ ಮೊದಲು ಒಂದು ಫಾರಂ ತುಂಬಿಸಿಕೊಂಡರು. ಭೇಟಿಗೆ ಬರುವವರ ಹೆಸರು ಎಂಬಲ್ಲಿ ಒಬ್ಬರದೇ ಬರೆಯಬೇಕಂತೆ. ನಿಮ್ಮದು ಬರೆದೆ. ಸಂಬಂಧ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ‘ಗಂಡ’ ಎಂದು ಬರೆದಿದ್ದೇನೆ. ತಪ್ಪಿದ್ದರೆ ನೀವೇ ಖುದ್ದಾಗಿ ಬಂದು ತಿದ್ದಿಸಬೇಕು. ಭೇಟಿಯ ಸಮಯ ಶನಿವಾರ ಹತ್ತರಿಂದ ಹನ್ನೆರಡು. ಹನ್ನೆರಡಾದ ಮೇಲೆ ಬಂದು ಗೇಟಿನವನ ಹತ್ತಿರ ತಪ್ಪಾಯ್ತು ಎಂದು ನಿಲ್ಲಬೇಡಿ, ಹತ್ತಕ್ಕೇ ಬನ್ನಿ.